ನನ್ನ ಉಪವಾಸ, ಅವರ ಉಪವಾಸ

ಉಪವಾಸ ಮಾಡುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಸೋಮವಾರ ಬಿಟ್ಟಿಲ್ಲ, ಶಿವರಾತ್ರಿ ಬಿಟ್ಟಿಲ್ಲ, ಶ್ರಾವಣದ ಒಪ್ಪತ್ತು ಬಿಟ್ಟಿಲ್ಲ. ಅಂಥ ನನ್ನನ್ನು ಚಿತ್ರದುರ್ಗದ ಆಸ್ಪತ್ರೆಯಲ್ಲಿ, ನನ್ನ ಮಗನಿಗಿಂತ ಚಿಕ್ಕವಳೊಬ್ಬಳು ಅಷ್ಟು ಜನರ ಮುಂದೆ, "ಅಜ್ಜಿ, ಉಪವಾಸ ಅಂದ್ರೇನು ಅಂತಾನೇ ಗೊತ್ತಿಲ್ವೇನ್ರಿ ನಿಮಗೆ?" ಎಂದು ಕೇಳಿದಳು. ಇದನ್ನು ಬರೆದಿಡಬೇಕು ಅಂತ ಆವತ್ತೇ ಅನ್ನಿಸಿತು.

ಚೈತ್ರಾ, ವಿನಯ, ನನಗೆ ಕಾಯಿಲೆಯಾಗಿದ್ದಾಗ ನೀವು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಹೇಳಲಿಲ್ಲ. ಏನಾಗೈತೆ ಅಂದರೆ ಏನಿಲ್ಲ ಹೋಗ್ರಿ ಅಂದೆ. ಹೊಟ್ಟೆಯ ವಿಷಯ, ಅದರಲ್ಲೂ ಹೊಟ್ಟೆಯಿಂದ ಕೆಳಗಿನ ವಿಷಯ, ಬಾಯಿಬಿಟ್ಟು ಆಡಿ ಅಭ್ಯಾಸವಿಲ್ಲ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ, ಅಷ್ಟು ಧೈರ್ಯ ಬರುತ್ತದೆ. ಊರ ಶಾಲೆಯಲ್ಲಿ ಕಲಿತ ಅಕ್ಷರ ಇಷ್ಟಕ್ಕಾದರೂ ಬರಲಿ. ನಾಳೆ ನಿಮ್ಮಲ್ಲಿ ಯಾರಿಗಾದರೂ ಡಾಕ್ಟರು ಕೊಳವೆ ಹಾಕಿ ನೋಡಬೇಕು ಅಂದರೆ, ನಮ್ಮಜ್ಜಿಯೂ ಇದನ್ನೆಲ್ಲ ದಾಟಿ ಬಂದಿದ್ದಳು ಅಂತ ನೆನಪಿರಲಿ.

ಮೊದಲು ಬಂದದ್ದು ಸುಸ್ತು. ಮನೆಯ ಹಿಂದೆ, ಮಾರಿಕಣಿವೆ ನಾಲೆಯ ನೀರು ಹಾಯುವ ಕಡೆ, ನಾನು ಕನಕಾಂಬರ ಮತ್ತು ಗಣಗಲೆ ಬೆಳೆಸಿದ್ದೇನಲ್ಲ, ಅಲ್ಲಿಂದ ಪೂಜೆಗೆ ಹೂ ತರುವಷ್ಟರಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು. ಬುಟ್ಟಿ ಪಕ್ಕಕ್ಕಿಟ್ಟು ಬದುವಿನ ಮೇಲೆ ಕುಳಿತು ಏಳಬೇಕು. ನಿಮ್ಮಮ್ಮ ಲತಾ ವಯಸ್ಸಾಯಿತಲ್ಲ ಅಂದಳು. ಪಕ್ಕದ ಮನೆ ತಿಪ್ಪಮ್ಮ ಪಿತ್ತ ಅಂದಳು, ಜೀರಿಗೆ ಕಷಾಯ ಕುಡಿಸಿದಳು. ಅದು ತಾಗದಿದ್ದಾಗ ಉಷ್ಣ ಅಂದಳು, ನೆತ್ತಿಗೆ ಹರಳೆಣ್ಣೆ ಹಚ್ಚಿದಳು. ಅದೂ ತಾಗದಿದ್ದಾಗ ದೃಷ್ಟಿ ಅಂದಳು. ಹೇಳಿದ್ದೆಲ್ಲ ಮಾಡಿದೆ. ಸುಸ್ತು ಮಾತ್ರ ಹಾಗೇ ಉಳಿಯಿತು.

ಕೊನೆಗೆ ನಿಮ್ಮಪ್ಪ ರುದ್ರೇಶ ಬಸ್ ಡಿಪೋದ ಕೆಲಸಕ್ಕೆ ರಜೆ ಹಾಕಿ ಹಿರಿಯೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ನನ್ನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, "ಏನಮ್ಮ, ಮೈಯಾಗೆ ರಕ್ತಾನೇ ಇಲ್ಲವಲ್ಲ" ಅಂದರು. ಆಮೇಲೆ ಮಗ ಪಕ್ಕದಲ್ಲೇ ನಿಂತಿರುವಾಗ, "ಮೋಷನ್ ಕಪ್ಪಗೆ ಹೋಗ್ತೈತಾ?" ಎಂದು ಕೇಳಿದರು.

ಹೆತ್ತ ಮಗನ ಮುಂದೆ ಏನು ಹೇಳಲಿ? ನೆಲ ನೋಡಿದೆ. "ನಾನು ನೋಡಿಲ್ಲ" ಅಂದೆ.

"ಇನ್ಮೇಲೆ ನೋಡ್ರಿ" ಅಂದರು. ಕಬ್ಬಿಣದ ಮಾತ್ರೆ ಬರೆದುಕೊಟ್ಟರು.

ಅಂದ ಮೇಲೆ ನೋಡಿದೆ. ಕಪ್ಪಗೇ ಇತ್ತು. ಮುಂದಿನ ಸಲ ಲತಾಳನ್ನು ಜೊತೆಗೆ ಕರೆದುಕೊಂಡು ಹೋಗಿ, ಅವಳ ಕಿವಿಯಲ್ಲಿ ಹೇಳಿ, ಅವಳ ಬಾಯಿಂದ ಡಾಕ್ಟರಿಗೆ ಹೇಳಿಸಿದೆ. ಅವರು ತಲೆ ಎತ್ತದೆ, "ಆ ಮಾತ್ರೆ ತಿಂದ್ರೆ ಎಲ್ಲಾರಿಗೂ ಕಪ್ಪಗೇ ಆಗೋದು" ಅಂದರು. ಹಾಗಾದರೆ ನೋಡಿಕೊಂಡು ಬಾ ಅಂತ ನನಗೆ ಹೇಳಿದ್ದಾದರೂ ಯಾಕೆ? ಅಷ್ಟು ನಾಚಿಕೆಪಟ್ಟು ಹೊತ್ತು ತಂದ ಮಾತು ಅಲ್ಲೇ ಬಿದ್ದುಹೋಯಿತು.

ಮಾತ್ರೆ ತಿಂದರೂ ರಕ್ತ ಏರಲಿಲ್ಲ. ಒಳಗೆ ಎಲ್ಲೋ ಸೋರುತ್ತಿದೆ, ದುರ್ಗಕ್ಕೆ ಹೋಗಿ ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡಿಸಿ ಅಂದರು.

ಮೊದಲ ಸಲ ದುರ್ಗಕ್ಕೆ ಹೋಗುವಾಗ ಬಸ್ಸಿನಲ್ಲಿ ರುದ್ರೇಶ ಡಾಕ್ಟರ ಚೀಟಿಯನ್ನು ಮಡಿಚುವುದು, ಬಿಚ್ಚುವುದು, ಅದನ್ನೇ ಮಾಡುತ್ತಿದ್ದ. ಯಾಕೆಂದು ನನಗೆ ಗೊತ್ತಿತ್ತು. ನಿಮ್ಮಜ್ಜನಿಗೂ ಹೀಗೇ ಸುಸ್ತಿನಿಂದ ಶುರುವಾಗಿತ್ತು. ಅದೇ ಊರು, ಅದೇ ಆಸ್ಪತ್ರೆ, ಅದೇ ಕೊಳವೆ. ಒಳಗೆ ಗಡ್ಡೆ ಕಂಡಿತು. ಕೊಳವೆ ತೆಗೆದು ಹೊರಗೆ ಕರೆತಂದಾಗ ಅವರು ನನ್ನ ಹತ್ತಿರ ಒಂದು ಲೋಟ ಟೀ ಕೇಳಿದ್ದರು. ಗಂಟಲು ಮರಗಟ್ಟಿದೆ, ಈಗ ಕೊಡಬಾರದು ಅಂತ ನರ್ಸು ಹೇಳಿದಳು, ನಾನು ಕೊಡಲಿಲ್ಲ. ಆಮೇಲೆ ವರದಿ, ಓಡಾಟ, ಅಳು, ಇವುಗಳಲ್ಲಿ ಟೀ ಮರೆತೇಹೋಯಿತು. ಆ ವರ್ಷವೇ ಅವರು ಹೋದರು.

ಈ ಸಲ ಒಳಗೆ ಹೋಗುವವಳು ನಾನು, ನಾನು ಕುಳಿತಿದ್ದ ಬೆಂಚಿನಲ್ಲಿ ಕುಳಿತು ಕಾಯುವವನು ರುದ್ರೇಶ. ಮನೆಯಲ್ಲಿ ಯಾರೂ ಆ ಕಾಯಿಲೆಯ ಹೆಸರೆತ್ತುತ್ತಿರಲಿಲ್ಲ. "ಅಪ್ಪಂಗೆ..." ಎಂದು ಶುರುಮಾಡಿ, ನಾನು ಬಂದ ತಕ್ಷಣ ಕರೆಂಟಿನ ಮಾತು ತೆಗೆಯುತ್ತಿದ್ದರು. ಕಾಯಿಲೆಗಿಂತ ಅದೇ ನನ್ನನ್ನು ಹೆಚ್ಚು ರೇಗಿಸುತ್ತಿತ್ತು. ನಾನೇನು ಮಗುವೇ?

ತಿಪ್ಪಮ್ಮನಿಗೆ ಆ ಸಂಕೋಚವಿಲ್ಲ. ಬಾಗಿಲಲ್ಲೇ ನಿಂತು, "ಯಾಕೆ ಸರೋಜಮ್ಮ, ನಿನ್ನ ಗಂಡಂಗೆ ಬಂದಿದ್ದೇ ನಿಂಗೂ ಬಂದೈತೇನೆ?" ಅಂದಳು. ಒಳಗಿದ್ದ ಲತಾಳ ಕೈಯಿಂದ ಸೌಟು ಬಿತ್ತು.

"ಗೊತ್ತಿಲ್ಲ ಕಣೆ, ನೋಡ್ತಾರಂತೆ" ಅಂದೆ. ಹೇಳಿದ ಮೇಲೆ ಮೈ ಹಗುರಾಯಿತು. ಯಾರೋ ಒಬ್ಬರು ಕೇಳಬೇಕಾಗಿತ್ತು.

ಮೊದಲ ದಿನ ದುರ್ಗದ ಡಾಕ್ಟರು ನೋಡಿ, "ಸೋಮವಾರ ಬೆಳಿಗ್ಗೆ ಉಪವಾಸ ಇದ್ದು ಬರ್ರಿ" ಅಂದರು. ನನಗೆ ಸಮಾಧಾನವೇ ಆಯಿತು. ಸೋಮವಾರ ಹೇಗೂ ನನ್ನ ಉಪವಾಸದ ದಿನ.

ಸೋಮವಾರ ಎದ್ದು ಸ್ನಾನ ಮಾಡಿ, ಹೂ ಕೊಯ್ದು ತಂದು, ಲಿಂಗಪೂಜೆ ಮುಗಿಸಿ, ತೀರ್ಥ ತೆಗೆದುಕೊಂಡೆ. ಆಮೇಲೆ ಎಂದಿನಂತೆ ಹಾಲಿನಲ್ಲಿ ನೆನೆಸಿದ ಅವಲಕ್ಕಿ, ಮೇಲೆ ಬಾಳೆಹಣ್ಣು. ಅನ್ನ ಮುಟ್ಟಲಿಲ್ಲ, ಮುದ್ದೆ ಮುಟ್ಟಲಿಲ್ಲ. ಲತಾ ಮಾಡಿದ್ದ ಚಿತ್ರಾನ್ನದ ಕಡೆ ತಿರುಗಿಯೂ ನೋಡದೆ ಬಸ್ ಹತ್ತಿದೆ.

ಆಸ್ಪತ್ರೆಯಲ್ಲಿ ಹೊಸದುರ್ಗದ ಕಡೆಯ ನರ್ಸ್ ಒಬ್ಬಳಿದ್ದಳು. ಹೆಸರು ಕೂಗಿ, ಒಳಗೆ ಕರೆಯುವ ಮುಂಚೆ, "ಉಪವಾಸ ಇದೀರಾ ಅಜ್ಜಿ?" ಅಂದಳು.

"ಇದೀನವ್ವ."

"ನೀರೂ ಕುಡಿದಿಲ್ಲ ಅಲ್ವಾ?"

"ನೀರು ಎಲ್ಲಿ ಕುಡಿದೆ? ಅವಲಕ್ಕಿ ಮ್ಯಾಲೆ ಹಾಲೇ ಸಾಕಾತು."

ಅವಳು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. "ಏನು ಅವಲಕ್ಕಿ?"

"ಉಪವಾಸದ ಅವಲಕ್ಕಿ."

ಆಗಲೇ ಅವಳು ಆ ಪ್ರಶ್ನೆ ಕೇಳಿದ್ದು. ರುದ್ರೇಶ ತಲೆ ಮೇಲೆ ಕೈ ಹೊತ್ತು, "ಯವ್ವಾ, ಏನ್ ಮಾಡಿದೆ ನೀನು?" ಅಂದ.

"ಉಪವಾಸಾನೇ ಮಾಡೀನಪ್ಪ. ಅನ್ನದ ಅಗುಳು ಬಾಯಿಗೆ ಹಾಕಿದ್ರೆ ಕೇಳು."

ಬೆಂಚಿನ ತುದಿಯಲ್ಲಿ ತುರುವನೂರಿನ ಯಜಮಾನರೊಬ್ಬರು ಹಣೆತುಂಬ ವಿಭೂತಿ ಹಚ್ಚಿ ಕುಳಿತಿದ್ದರು. ಅವರು ನನ್ನ ಪರ ನಿಂತರು. "ಆಯಮ್ಮ ಹೇಳೋದ್ರಾಗೆ ತಪ್ಪೇನೈತೆ? ಉಪವಾಸ ಅಂದ್ರೆ ಫಲಾಹಾರ ಮಾಡಬೌದು. ನಾನೂ ಹಣ್ಣು ತಿಂದು, ಕಡ್ಲೆ ಉಸಲಿ ತಿಂದೇ ಬಂದೀನಿ."

ನರ್ಸು ಅವರ ಕಡೆ ತಿರುಗಿದಳು. "ನಿಮಗೂ ಇವತ್ತು ಕೊಳವೆ ಐತಲ್ವಾ ಅಜ್ಜಾರೇ?"

"ಐತೆ."

"ಇಲ್ಲ. ನಿಮ್ಮದೂ ಇವತ್ತು ಇಲ್ಲ. ಎದ್ದೇಳ್ರಿ."

ಇಬ್ಬರೂ ತಪ್ಪು ಮಾಡಿದ ಶಾಲೆಯ ಮಕ್ಕಳ ಹಾಗೆ ಹೊರಗೆ ಬಂದೆವು. ಯಜಮಾನರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ, "ಖಾಲಿ ಹೊಟ್ಟ್ಯಾಗೆ ಬರ್ರಿ ಅನ್ನಬೇಕಿತ್ತು ಇವರು. ಉಪವಾಸ ಅಂತ ದೇವರ ಮಾತು ಯಾಕೆ ಆಡಬೇಕು?" ಅಂದರು. ನಾನು ಅಪರಿಚಿತರ ಜೊತೆ ಮಾತಾಡುವವಳಲ್ಲ, ಆದರೂ "ಹೂಂ ಮತ್ತೆ" ಅಂದೆ. ಇವತ್ತಿಗೂ ನನ್ನ ಮಾತು ಅದೇ. ಹೊಟ್ಟೆ ಖಾಲಿ ಇರಬೇಕಾದರೆ ಖಾಲಿ ಅನ್ನಿ. ಭಯದಿಂದ ಮನಸ್ಸು ಗಟ್ಟಿಮಾಡಿಕೊಂಡು ಬಂದವಳನ್ನು ಒಂದು ಮಾತಿಗೋಸ್ಕರ ವಾಪಸ್ ಕಳಿಸಿದರು. ಮತ್ತೆ ಆ ಧೈರ್ಯವನ್ನು ಮೊದಲಿಂದ ಕೂಡಿಸಿಕೊಳ್ಳಬೇಕಾಯಿತು.

ಎರಡನೆಯ ಸಲ ತೀರ್ಥವನ್ನೂ ಬಿಟ್ಟು ಹೋದೆ. ಗಂಟಲಿಗೆ ಕಹಿಯಾದ ಏನನ್ನೋ ಚಿಮುಕಿಸಿದರು, ನಾಲಿಗೆ ನನ್ನದಲ್ಲ ಅನ್ನಿಸಿತು. ಕಚ್ಚಿಕೊಳ್ಳಲು ಬಾಯಿಗೆ ಒಂದು ಪ್ಲಾಸ್ಟಿಕ್ ಬಳೆ ಇಟ್ಟರು. ನಿಮ್ಮಜ್ಜ ಹೋದ ಮೇಲೆ ಕೈಗೆ ಗಾಜಿನ ಬಳೆ ತೊಡುವುದನ್ನೇ ಬಿಟ್ಟವಳಿಗೆ ಬಾಯಿಗೆ ಬಳೆ. ಎಡಕ್ಕೆ ಹೊರಳಿ ಮಲಗಿಸಿದರು. ಕೊರಳಿನ ಕರಡಿಗೆ ತೆಗೆಯಿರಿ ಎಂದು ಯಾರೋ ಹೇಳಿದರು. ಬಾಯಲ್ಲಿ ಬಳೆ, ಮಾತು ಬರದು. ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅದರೊಳಗಿನ ಲಿಂಗ ನನ್ನ ಮೈ ಬಿಟ್ಟು ಇದ್ದದ್ದೇ ಇಲ್ಲ.

ನನ್ನನ್ನು ಬೈದಿದ್ದ ಅದೇ ನರ್ಸು ಬಂದು, "ಬಿಡ್ರಿ ಸಾರ್, ನಮ್ಮಜ್ಜಿನೂ ಹಿಂಗೇ" ಎಂದು, ಶಿವದಾರವನ್ನು ಕೊರಳಿಂದ ಬಿಚ್ಚಿ ನನ್ನ ರಟ್ಟೆಗೆ ಕಟ್ಟಿದಳು. ಮೈ ಬಿಡಲಿಲ್ಲ, ಅವರ ಕೆಲಸಕ್ಕೂ ಅಡ್ಡಿಯಾಗಲಿಲ್ಲ. ಕೊಳವೆ ಇಳಿಯುವಾಗ ಓಕರಿಕೆ ಬಂದು ಕಣ್ಣೀರು ಸುರಿಯಿತು. ಅವಳು ಬೆನ್ನು ಸವರುತ್ತ, "ಉಸಿರಾಡ್ರಿ ಅಜ್ಜಿ, ಆತು, ಆತು" ಅನ್ನುತ್ತಲೇ ಇದ್ದಳು. ಆತು ಅನ್ನುವುದು ಸುಳ್ಳು, ಇನ್ನೂ ಬೇಕಾದಷ್ಟಿತ್ತು. ಆದರೂ ಆ ಕೈ ಬೇಕಾಗಿತ್ತು.

ಹೊರಗೆ ಬಂದಾಗ ರುದ್ರೇಶ ಡಾಕ್ಟರ ಮುಖವನ್ನೇ ನೋಡುತ್ತಿದ್ದ. "ಇಲ್ಲಿ ಏನೂ ಇಲ್ಲ. ಹೊಟ್ಟೆ ಚೆನ್ನಾಗಿದೆ" ಅಂದರು. ಅವನು ಗೋಡೆಗೆ ಒರಗಿಕೊಂಡ.

ಇಲ್ಲಿ ಇಲ್ಲ ಅಂದರೆ ಎಲ್ಲಿಯೂ ಇಲ್ಲ ಅಂತ ಅರ್ಥವಲ್ಲವಂತೆ. ಕೆಳಗಿನಿಂದಲೂ ನೋಡಬೇಕು ಅಂದರು. ಆ ಪರೀಕ್ಷೆಯ ಹಿಂದಿನ ದಿನ ಕುಡಿಸಿದ ಉಪ್ಪುಪ್ಪಾದ ನೀರು, ನಾನು ಬಚ್ಚಲಿಗೂ ಹಾಸಿಗೆಗೂ ನಡುವೆ ಅಲೆದದ್ದು, ಆಮೇಲೆ ಆ ಮೇಜಿನ ಮೇಲೆ ಮಲಗಿದ್ದು, ಇದನ್ನು ನಾನು ಬರೆಯುವುದಿಲ್ಲ. ಮೇಲಿನ ಕೊಳವೆ ಎಷ್ಟೋ ವಾಸಿ ಅಂತ ಮಾತ್ರ ತಿಳಿದುಕೊಳ್ಳಿ. ಅಲ್ಲಿಯೂ ಏನೂ ಇಲ್ಲ. ಬಚ್ಚಲಿನಿಂದ ಪರೀಕ್ಷೆಗೆಂದು ಡಬ್ಬಿಯಲ್ಲಿ ಹಾಕಿಕೊಟ್ಟದ್ದರಲ್ಲೂ ಏನೂ ಸಿಗಲಿಲ್ಲ. ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆಸ್ಪತ್ರೆಯ ಉದ್ದಕ್ಕೂ ನಡೆದದ್ದೇ ಬಂತು.

ರಕ್ತ ಮಾತ್ರ ಮತ್ತೆ ಇಳಿದಿತ್ತು. ಬಾಟಲಿಯಲ್ಲಿ ರಕ್ತ ಏರಿಸಿ ಕಳಿಸಿದರು.

ಏನೂ ಇಲ್ಲ, ಏನೂ ಇಲ್ಲ ಎಂದು ಕೇಳಿ ಕೇಳಿ ನನಗೆ ಸಾಕಾಗಿತ್ತು. ಮೇಲಿನ ಕೊಳವೆಯೂ ಕೆಳಗಿನ ಕೊಳವೆಯೂ ಮುಟ್ಟದ ಉದ್ದನೆಯ ಸಣ್ಣಕರುಳು ನಡುವೆ ಇದೆಯಂತೆ. ನಿಮ್ಮಜ್ಜನಿಗೆ ಬಂದದ್ದು ಅಲ್ಲಿ ಅಡಗಿದ್ದರೆ? ನಾನು ಕೇಳಲಿಲ್ಲ. ರುದ್ರೇಶ ಕೇಳಿದ. ಡಾಕ್ಟರು, "ನೋಡದೆ ಹೇಳೋಕಾಗಲ್ಲ. ಕ್ಯಾಮೆರಾ ಇರೋ ಗುಳಿಗೆ ನುಂಗಿಸೋಣ" ಅಂದರು.

ಗುಳಿಗೆ ಬರುವವರೆಗೆ ಕಾಯುವ ದಿನಗಳೇ ಕಷ್ಟದವು. ಬಂದವರೆಲ್ಲ ಒಂದೊಂದು ಸಾವಿನ ಕಥೆ ಹೇಳಿ, ಕಾಫಿ ಕುಡಿದು, "ನೀನು ಮಾತ್ರ ಹೆದರಬ್ಯಾಡ" ಎಂದು ಎದ್ದು ಹೋಗುತ್ತಿದ್ದರು.

ಗುಳಿಗೆ ನುಂಗಿದ ದಿನ ನಿಮಗೆ ನೆನಪಿರಬಹುದು, ರಜೆಯಿತ್ತು, ನೀವೂ ಬಂದಿದ್ದಿರಿ. ಬಾಗಿಲಲ್ಲಿ ಅದೇ ನರ್ಸು ಎಲ್ಲರನ್ನೂ ಕೇಳುತ್ತಿದ್ದಳು: "ಅವಲಕ್ಕಿ, ಹಣ್ಣು, ಹಾಲು, ಉಸಲಿ, ತೀರ್ಥ, ಏನೂ ತಗಂಡಿಲ್ಲ ತಾನೇ?" ನನ್ನ ನೋಡಿ ನಕ್ಕಳು. ಉಪವಾಸ ಅನ್ನುವ ಮಾತನ್ನೇ ಬಿಟ್ಟಿದ್ದಳು. ಅಷ್ಟಾದರೂ ಆಯಿತಲ್ಲ.

ಸೊಂಟಕ್ಕೆ ಒಂದು ಪಟ್ಟಿ, ಅದಕ್ಕೊಂದು ಪೆಟ್ಟಿಗೆ ಕಟ್ಟಿದರು. ಗುಳಿಗೆ ಹುಣಸೆ ಬೀಜಕ್ಕಿಂತ ದಪ್ಪ, ಒಂದು ತುದಿಯಲ್ಲಿ ಬೆಳಕು ಮಿಟುಕುತ್ತಿತ್ತು. ನೀರಿನ ಜೊತೆ ನುಂಗಿದೆ. ಅಷ್ಟೇ. ಇಷ್ಟು ಸುಲಭದ್ದು ಇದ್ದರೆ ಮೊದಲೇ ಯಾಕೆ ಕೊಡಲಿಲ್ಲ ಅಂತ ಮತ್ತೆ ಸಿಟ್ಟು ಬಂತು. ಅದು ಎಲ್ಲರಿಗೂ ಮೊದಲೇ ಕೊಡುವುದಲ್ಲವಂತೆ, ಕೊಳವೆಯಿಂದ ನೋಡಿ ಆದ ಮೇಲೆಯೇ ಅಂತೆ. ಇರಲಿ.

ಸಂಜೆ ಪೆಟ್ಟಿಗೆ ವಾಪಸ್ ಕೊಡುವವರೆಗೆ ಹೊರಗೆ ಬೇವಿನ ಮರದ ನೆರಳಲ್ಲಿ ಕುಳಿತಿದ್ದೆವು. ವಿನಯ, ನೀನು ನನ್ನ ಹೊಟ್ಟೆಗೆ ಕಿವಿಯಿಟ್ಟು, "ಅಜ್ಜಿ ಹೊಟ್ಟ್ಯಾಗೆ ಮಿಣುಕು ಹುಳ ಐತೆ" ಅಂದೆ. ಚೈತ್ರಾ, ನೀನು "ಲೇ, ಅದು ಕ್ಯಾಮೆರಾ ಕಣೋ, ಹುಳ ಅಲ್ಲ" ಎಂದು ಅವನ ತಲೆಗೆ ಮೊಟಕಿದೆ. ಎಲ್ಲರೂ ನಕ್ಕೆವು. ರುದ್ರೇಶ ನಗಲಿಲ್ಲ, ಅವನು ಒಳಗಿನ ಆ ಬೆಂಚಿನ ಕಡೆ ನೋಡುತ್ತಿದ್ದ.

ಗುಳಿಗೆ ತಾನಾಗಿ ಹೊರಗೆ ಬರಬೇಕು, ಬಂದದ್ದನ್ನು ನೋಡಿ ಹೇಳಬೇಕು ಅಂದರು. ಆಮೇಲೆ ಮನೆಮಂದಿಗೆಲ್ಲ ಅದೇ ಮಾತು. ಲತಾ ಅಡುಗೆಮನೆಯಿಂದ, "ಬಂತೇನತ್ತೆ?" ರುದ್ರೇಶ ಡಿಪೋದಿಂದ ಫೋನ್ ಮಾಡಿ, "ಬಂತೇನವ್ವ?" ಬೇಲಿಯಾಚೆಯಿಂದ ತಿಪ್ಪಮ್ಮ, "ಇನ್ನೂ ಬರ್ಲಿಲ್ವೇನೆ?" ಅರವತ್ತು ದಾಟಿದ ಹೆಂಗಸು ಬಚ್ಚಲಿನಿಂದ ಬರುವಾಗ ಊರೇ ಕಾಯುತ್ತಿದ್ದರೆ ಹೇಗಿರುತ್ತದೆ ಯೋಚಿಸಿ. ಬಂತು. ಅದರ ಬಗ್ಗೆ ಇಷ್ಟು ಸಾಕು.

ಕೊನೆಗೆ ಆಸ್ಪತ್ರೆಯಿಂದ ಕರೆ ಬಂತು. ರುದ್ರೇಶ ಅಂಗಿ ಗುಂಡಿ ತಪ್ಪಾಗಿ ಹಾಕಿಕೊಂಡೇ ಬಂದಿದ್ದ. ನಾನು ದಾರಿಯುದ್ದಕ್ಕೂ ಕರಡಿಗೆಯ ಮೇಲೆ ಕೈ ಇಟ್ಟುಕೊಂಡಿದ್ದೆ. ನಿಮ್ಮಜ್ಜನಿಗೆ ಹೇಳಿದ ಹಾಗೆ ನನಗೂ ಕುರ್ಚಿ ಎಳೆದು ಹತ್ತಿರ ಕುಳಿತು ಮೆಲ್ಲಗೆ ಹೇಳಿದರೆ, ಅದೇ ಅಂತ ತಿಳಿದುಕೊಳ್ಳಬೇಕು ಎಂದು ಮನಸ್ಸಿನಲ್ಲಿ ನಿಶ್ಚಯಿಸಿದ್ದೆ.

ಡಾಕ್ಟರು ಕುರ್ಚಿ ಎಳೆಯಲಿಲ್ಲ. ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಕೆಂಪು ಗೋಡೆಯ ಮೇಲೆ ಬಿಳಿ ದಾರದ ತುಂಡಿನಂಥದು ನೇತಾಡುತ್ತಿತ್ತು. ಪಕ್ಕದಲ್ಲಿ ಇನ್ನೊಂದು. ಇನ್ನೂ ಒಂದು.

"ಏನ್ ಸಾರ್ ಅದು?" ರುದ್ರೇಶ ಕುರ್ಚಿಯ ತುದಿಗೆ ಸರಿದ.

"ಹುಳ. ಕೊಕ್ಕೆಹುಳ. ಕರುಳಿಗೆ ಕಚ್ಚಿಕೊಂಡು ರಕ್ತ ಹೀರ್ತವೆ."

"ಗಡ್ಡೆ?"

"ಗಡ್ಡೆ ಗಿಡ್ಡೆ ಏನೂ ಇಲ್ಲಪ್ಪ. ಹುಳ ಅಷ್ಟೇ."

ರುದ್ರೇಶ ನಕ್ಕ. ನಗುತ್ತ ನಗುತ್ತ ಮುಖಕ್ಕೆ ಕೈ ಮುಚ್ಚಿಕೊಂಡ. ಡಾಕ್ಟರು ಸ್ವಲ್ಪ ಹೊತ್ತು ಕಂಪ್ಯೂಟರ್ ನೋಡಿದಂತೆ ಮಾಡಿದರು. ಅದು ಅವರ ದೊಡ್ಡತನ.

ಆಮೇಲೆ ನನ್ನನ್ನು ಕೇಳಿದರು: "ಬರಿಗಾಲಲ್ಲಿ ಓಡಾಡ್ತೀರಾ?"

"ಇಲ್ಲ. ಚಪ್ಪಲಿ ಹಾಕ್ಕಂತೀನಿ."

"ಹೊಲದಾಗೂ ಹಾಕ್ಕಂತಾಳೆ ಸಾರ್" ಎಂದು ರುದ್ರೇಶ ಸಾಕ್ಷಿ ಹೇಳಿದ.

"ಹಸಿ ಮಣ್ಣು ಕಾಲಿಗೆ ತಾಗೋ ಕೆಲಸ ಬೇರೆ ಏನು ಮಾಡ್ತೀರಿ?"

"ಏನೂ ಇಲ್ಲ. ಬೆಳಿಗ್ಗೆ ಹೂ ಕೊಯ್ತೀನಿ ಅಷ್ಟೇ."

"ಆಗ ಚಪ್ಪಲಿ?"

ನನಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಪೂಜೆ ಹೂವು ಕೊಯ್ಯೋವಾಗ ಯಾರಾದ್ರೂ ಚಪ್ಪಲಿ ಹಾಕ್ಕಂತಾರೇನ್ರಿ?" ಅಂದೆ. ಅಂದ ಮೇಲೆ ಅರ್ಥವಾಯಿತು. ನಾಲೆಯ ಬದುವಿನ ಮೇಲೆ ಊರಿನ ಎಷ್ಟೋ ಜನ ಇವತ್ತಿಗೂ ಚೊಂಬು ಹಿಡಿದು ಹೋಗುತ್ತಾರೆ. ಪಂಚಾಯಿತಿಯವರು ಕಟ್ಟಿಸಿಕೊಟ್ಟ ಕಕ್ಕಸುಗಳಲ್ಲಿ ಸೌದೆ ಒಟ್ಟಿದ್ದಾರೆ. ಆ ಬದುವಿನ ನೀರೇ ನನ್ನ ಹೂವಿನ ಮಡಿಗೆ ಹಾಯುವುದು. ಹುಳದ ಮರಿ ಹಸಿ ಮಣ್ಣಿನಿಂದ ಅಂಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದಂತೆ. ಸ್ನಾನ ಮಾಡಿ, ಮಡಿಯಲ್ಲಿ, ಭಕ್ತಿಯಿಂದ ನಾನೇ ನಡೆದುಹೋಗಿ ಅವನ್ನು ಕರೆದುಕೊಂಡು ಬಂದಿದ್ದೆ.

ಹೊರಗೆ ಬಂದಾಗ ರುದ್ರೇಶ ಆ ಬೆಂಚಿನ ಹತ್ತಿರ ನಿಂತು, "ಟೀ ಕುಡಿಯಾಣೇನವ್ವ?" ಅಂದ. ಅವನಿಗೂ ನೆನಪಿತ್ತು ಅಂತ ಆವತ್ತು ತಿಳಿಯಿತು. ಗೇಟಿನ ಅಂಗಡಿಯಿಂದ ತಂದ. ಅಲ್ಲೇ ಕುಳಿತು ಕುಡಿದೆವು. ಸಕ್ಕರೆ ಜಾಸ್ತಿಯಾಗಿತ್ತು. ಲೋಟದ ತಳದವರೆಗೂ ಕುಡಿದೆ.

ಇಷ್ಟೆಲ್ಲ ಆದ ಮೇಲೆ ಕೊಟ್ಟ ಔಷಧಿ ಅಗಿದು ತಿನ್ನುವ ಮಾತ್ರೆ. ಮನೆಗೆ ತಂದಾಗ, ಚೈತ್ರಾ, ನೀನು ಅದನ್ನು ತಿರುಗಿಸಿ ನೋಡಿ, "ಅಯ್ಯೋ ಅಜ್ಜಿ, ಇದು ನಮ್ಮ ಸ್ಕೂಲಾಗೆ ಕೊಡ್ತಾರಲ್ಲ ಅದೇ ಜಂತುಹುಳದ ಮಾತ್ರೆ. ತಿಂದ್ರೆ ಸೀಮೆಸುಣ್ಣ ತಿಂದಂಗಿರ್ತೈತೆ" ಅಂದೆ. ವಿನಯ ನಿನ್ನನ್ನು ಹಿಂದಕ್ಕೆ ತಳ್ಳಿ, "ನಾನು ಹೇಳಿರ್ಲಿಲ್ವಾ, ಅಜ್ಜಿ ಹೊಟ್ಟ್ಯಾಗೆ ಹುಳ ಐತೆ ಅಂತ?" ಎಂದು ಕುಣಿದ. ಅವನು ಹೇಳಿದ್ದೂ ನಿಜವೇ. ಶಾಲೆಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಕೊಡುವ ಮಾತ್ರೆಗಾಗಿ ನಾನು ಮೇಲಿಂದ, ಕೆಳಗಿಂದ, ನಡುವಿಂದ ಫೋಟೋ ತೆಗೆಸಿಕೊಂಡು ಬಂದಿದ್ದೆ. ಮನೆಯವರೆಲ್ಲ ಆ ಮಾತ್ರೆ ತಿಂದೆವು, ತಿಪ್ಪಮ್ಮನಿಗೂ ತಿನ್ನಿಸಿದೆವು. ರಕ್ತ ಮೆಲ್ಲಮೆಲ್ಲಗೆ ಏರಿತು. ಈಗ ಬದುವಿನ ಮೇಲೆ ಕುಳಿತುಕೊಳ್ಳದೆ ಮನೆಗೆ ಬರುತ್ತೇನೆ.

ಚಪ್ಪಲಿಯ ಜಗಳ ಮಾತ್ರ ಬಹಳ ದಿನ ನಡೆಯಿತು. ಲತಾ ಹೂವನ್ನು ಕೊಂಡೇ ತರೋಣ ಅಂದಳು. ನೆಟ್ಟು ಬೆಳೆಸಿದ ಗಿಡ ಮನೆಯ ಹಿಂದೆ ಇರುವಾಗ ಕೊಂಡ ಹೂ ಏರಿಸುವುದೇ? ರುದ್ರೇಶ ಹೊಸ ರಬ್ಬರ್ ಚಪ್ಪಲಿ ತಂದಿಟ್ಟ. ಎಷ್ಟೋ ದಿನ ಅದು ಹಾಗೇ ಇತ್ತು. ಕೊನೆಗೆ ಒಂದು ಬೆಳಿಗ್ಗೆ ಅದನ್ನು ತೊಳೆದು, ಹೂವಿನ ಮಡಿಗೆ ಬಿಟ್ಟು ಬೇರೆಲ್ಲಿಗೂ ಹಾಕುವುದಿಲ್ಲ ಎಂದು ಶಿವನಿಗೆ ಹೇಳಿ, ಮೆಟ್ಟಿಕೊಂಡೆ. ಅದಕ್ಕೆ ಬೇರೆಯದೇ ಮೊಳೆ, ಬೇರೆಯದೇ ಜಾಗ. ಬೇಲಿಯಾಚೆಯಿಂದ ತಿಪ್ಪಮ್ಮ ನೋಡಿದಳು.

"ಏನೇ ಇದು ಸರೋಜಮ್ಮ, ದೇವರ ಹೂವಿಗೆ ಚಪ್ಪಲಿ ಮೆಟ್ಟಿಯಾ?"

"ಹೂಂ ಕಣೆ. ದೇವರಿಗೆ ಹೇಳೀನಿ. ನಿಂಗೂ ಹೇಳಬೇಕೇನು?"

ಮಾರನೆಯ ವಾರ ಅವಳೂ ಒಂದು ಜೊತೆ ತರಿಸಿಕೊಂಡಳು. ನನ್ನನ್ನು ನೋಡಿ ಅಂತ ಒಪ್ಪುವುದಿಲ್ಲ, ಕಾಲು ಒಡೆದಿದೆ ಅನ್ನುತ್ತಾಳೆ.

ಆಸ್ಪತ್ರೆಯವರು ಖಾಲಿ ಹೊಟ್ಟೆಯಲ್ಲಿ ಬಾ ಅಂದರೆ ಖಾಲಿ ಹೊಟ್ಟೆಯಲ್ಲೇ ಹೋಗಿ, ಮಕ್ಕಳೇ. ಉಪವಾಸ ಅಂದರೆ, ಯಾವ ಉಪವಾಸ ಅಂತ ನಾಚದೆ ಕೇಳಿ. ಡಾಕ್ಟರು ಏನು ಬಣ್ಣ ಅಂದರೆ ಬಣ್ಣ ಹೇಳಿ, ಯಾರು ಪಕ್ಕದಲ್ಲಿದ್ದರೂ ಹೇಳಿ. ಹಾಗೆ ಹೇಳುವುದನ್ನು ನಾನು ಇಷ್ಟು ವಯಸ್ಸಾದ ಮೇಲೆ ಕಲಿಯುತ್ತಿದ್ದೇನೆ.

ಇವತ್ತು ಸೋಮವಾರ. ಪೂಜೆ ಆಯಿತು, ತೀರ್ಥವೂ ಆಯಿತು. ಅವಲಕ್ಕಿ ಹಾಲಿನಲ್ಲಿ ನೆನೆದಿದೆ, ಲತಾ ಹಣ್ಣು ಸುಲಿಯುತ್ತಿದ್ದಾಳೆ. ಈಗ ಹೋಗಿ ಉಪವಾಸ ಮಾಡುತ್ತೇನೆ.